ಸೂರಿಗೆ ಕಟ್ಟಿದ ಕುಲಾವಿ

ವಿಮಲಾ, ಆ ದಿನ ಅಲಾರಂ ಹೊಡೆದುಕೊಂಡಿರಲಿಲ್ಲ.

ಅದು ಹೊಡೆದುಕೊಳ್ಳುತ್ತಲೇ ಇತ್ತು, ಕಿವಿ ಮೆಷಿನ್ ಇಲ್ಲದ್ದರಿಂದ ನಿನ್ನ ತಂದೆಗೆ ಕೇಳಿಸಲಿಲ್ಲ ಎಂದು ಒಂಬತ್ತು ವರ್ಷಗಳಿಂದ ನೀನು ನಂಬಿಕೊಂಡಿದ್ದೀಯ. ಹಾಗೆಂದು ನಿನಗೆ ಹೇಳಿದವಳು ನಾನು. ಅದು ಸುಳ್ಳು. ಆ ಕೋಣೆಯಲ್ಲಿ ಹೊಗೆ ತುಂಬುತ್ತಿದ್ದಾಗ ಅವರ ತಲೆಯ ಮೇಲಿದ್ದ ಅಲಾರಂ ತುಟಿ ಪಿಟಕ್ಕೆನ್ನಲಿಲ್ಲ. ಅದರ ಬಾಯಿ ಕಟ್ಟಿದ್ದವಳೂ ನಾನೇ.

ಇದನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಮೊದಲ ಮೂರು ಸಲವೂ ನನ್ನ ಕಾರಣಗಳೇ ಮೊದಲ ಪುಟವನ್ನು ತುಂಬಿಬಿಟ್ಟವು — ಚಳಿ, ಅವಸರ, ಹಸಿವು, ಐದು ಜನರ ಅಡುಗೆ. ಹರಿದು ಹಾಕಿದೆ. ಈ ಸಲ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಶುಕ್ರವಾರ ಅನಘಾ ವಿಮಾನ ಹತ್ತುವ ಮೊದಲು ಇದು ನಿನ್ನ ಕೈ ಸೇರಬೇಕು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ — ಇಲ್ಲ, ಈಗಲೇ ಹೇಳಿಬಿಡುತ್ತೇನೆ, ನೀನು ಅರ್ಧಕ್ಕೇ ಹರಿದೆಸೆದರೆ ಕಷ್ಟ. ನಿನ್ನ ಮಗಳ ಪೆಟ್ಟಿಗೆಯಲ್ಲಿ ಒಂದು ಶವರ್ ಕ್ಯಾಪ್ ಇದೆ. ಅದನ್ನು ತೆಗೆಸು.

ನಾನು ಎಂಥವಳು ಎಂದು ನಿನಗೆ ಗೊತ್ತು. ಸಿಂಗಪುರದ ಟ್ಯಾಂಪಿನೀಸಿನಲ್ಲಿ ನಾವು ಎದುರು ಬದುರು ಬ್ಲಾಕುಗಳಲ್ಲಿದ್ದಾಗ, ಯಾರ ಮನೆಯಲ್ಲಿ ಪ್ರವಾಸದ ಮಾತು ಬಂದರೂ ನನಗೆ ಕರೆ ಬರುತ್ತಿತ್ತು. ಯಾವ ವಾರ ಟಿಕೆಟ್ ಅಗ್ಗ, ಯಾವ ಊರಿನಲ್ಲಿ ಅಡುಗೆಮನೆ ಇರುವ ಕೋಣೆ ಸಿಗುತ್ತದೆ — ಬೇರೆಯವರು ಸುಡೊಕು ಬಿಡಿಸಿದಷ್ಟು ಖುಷಿಯಿಂದ ಬಿಡಿಸುತ್ತಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಾನು ಹಾಸಿಗೆಯನ್ನೇ ಅಡ್ಡಡ್ಡ ಹಾಸಿ ಇನ್ನೂ ಇಬ್ಬರನ್ನು ಮಲಗಿಸುವವಳು. ಅದರ ಜಂಬ ನನಗೆ ಬಹಳ ಇತ್ತು.

ನಿನ್ನ ತಂದೆಗೆ ಹಿಮ ನೋಡುವ ಆಸೆ. ನಿನ್ನ ಅಮ್ಮ ತೀರಿಕೊಂಡ ಮೇಲೆ ಮೈಸೂರು ಬಿಟ್ಟು ನಿನ್ನ ಜೊತೆಗೇ ಬಂದು ಇದ್ದರು. ಕಾರ್ಖಾನೆಯ ಸದ್ದಿನಲ್ಲಿ ಮೂವತ್ತು ವರ್ಷ ದುಡಿದು ಕಿವಿ ಕಳೆದುಕೊಂಡಿದ್ದರೂ ಅಷ್ಟು ನಗಿಸುವ ಇನ್ನೊಬ್ಬ ಹಿರಿಯರನ್ನು ನಾನು ನೋಡಿಲ್ಲ. ನೀನು ಅವರನ್ನು ಅಣ್ಣ ಎನ್ನುತ್ತಿದ್ದೆ, ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು. ಒಂದು ದಿನ ಬ್ಲಾಕಿನ ಬುಡದಲ್ಲಿ ತೆರೆದಿರುವ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾ ಹೇಳಿದರು, "ಸುಧಾ, ಎಲ್ರೂ ನಿನ್ ಹತ್ರ ಪ್ಲ್ಯಾನ್ ಹಾಕ್ಸ್ಕೊಂಡು ಹೋಗ್ತಾರೆ. ನನಗೂ ಒಂದು ಹಾಕ್ಕೊಡಮ್ಮ. ಫ್ರಿಜ್ಜಿನ ಐಸ್ ಬಿಟ್ಟು ಬೇರೆ ಐಸ್ ಮುಟ್ಟಿಲ್ಲ ನಾನು."

ಹಾಕಿಕೊಟ್ಟೆ. ಆಸ್ಟ್ರಿಯಾದ ಬೆಟ್ಟದ ಹಳ್ಳಿಗಳಲ್ಲಿ ಐದು ದಿನ, ಆಮೇಲೆ ವಿಯೆನ್ನಾದಲ್ಲಿ ಮೂರು ದಿನ. ನಾನು, ನಮ್ಮವರು, ನೀನು, ಅನಘಾ, ಅಂಕಲ್. ಸ್ಕೀ ಆಡುವವರ ದುಬಾರಿ ಊರು ಬಿಟ್ಟು ಕಣಿವೆಯ ಕೆಳಗಿನ ಸಣ್ಣ ಹಳ್ಳಿ ಆರಿಸಿದೆ. ಅಲ್ಲಿ ಉಳಿದುಕೊಂಡವರಿಗೆ ಬಸ್ಸು ಪುಕ್ಕಟೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಹಾಲು ಮೊಸರು ತಂದಿಟ್ಟುಕೊಳ್ಳಬೇಕು ಎಂಬುದೂ ನಾನು ಫೋನಿನಲ್ಲಿ ಎಲ್ಲರಿಗೂ ಹಂಚುತ್ತಿದ್ದ ಪ್ಲ್ಯಾನ್ ಶೀಟಿನಲ್ಲಿತ್ತು. ದಪ್ಪ ಜಾಕೆಟ್ಟುಗಳನ್ನು ಕೊಳ್ಳಲಿಲ್ಲ. ಸಿಂಗಪುರದ ನಮ್ಮ ಕನ್ನಡದ ಮನೆಗಳಲ್ಲಿ ಜಾಕೆಟ್ಟುಗಳು ಮದುವೆಮನೆಯ ಪಾತ್ರೆಗಳ ಹಾಗೆ ಊರೆಲ್ಲ ಸುತ್ತುತ್ತವಲ್ಲ, ಜುರಾಂಗ್ ವೆಸ್ಟಿನಿಂದ ಎರಡು, ಪಕ್ಕದ ಬ್ಲಾಕಿನಿಂದ ಮೂರು ತಂದೆ. ಅಕ್ಕಿ, ಸಾರಿನ ಪುಡಿ, ಸಾಸಿವೆ, ಇಂಗು, ಒಂದು ಪುಟ್ಟ ಒಗ್ಗರಣೆ ಸೌಟು. ನೀನು ಆ ಶೀಟನ್ನು ತೆರೆದೂ ನೋಡಲಿಲ್ಲ. "ನೀನ್ ಪ್ಲ್ಯಾನ್ ಮಾಡಿದ್ರೆ ನಾನು ಕಣ್ಮುಚ್ಕೊಂಡು ಬರ್ತೀನಿ ಕಣೇ" ಎಂದೆ. 

ಮೊದಲ ಸಂಜೆ ನಿನಗೆ ನೆನಪಿರಬೇಕು. ಮರದ ಮನೆ, ಮಹಡಿಯ ಮೇಲೆ ನಮ್ಮ ಎರಡು ಮಲಗುವ ಕೋಣೆಗಳು. ಅಡುಗೆ, ಊಟ, ಸೋಫಾ, ಕಟ್ಟಿಗೆಯ ಒಲೆ ಎಲ್ಲ ಒಂದೇ ಹಜಾರದಲ್ಲಿ. ಸಾರಿಗೆ ಒಗ್ಗರಣೆ ಹಾಕಿದೆ. ಮೆಣಸಿನಕಾಯಿ ಘಾಟು ಏಳುತ್ತಿದ್ದ ಹಾಗೇ ಸೂರಿನ ಹೊಗೆ ಅಲಾರಂ ಕಿರುಚಿತು. ಕೆಳಗಿದ್ದ ಮನೆಯೊಡತಿ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು. ನಾವೆಲ್ಲ ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿದೆವು. ಆಕೆ ಗೋಡೆಯನ್ನು ಬೆರಳಿನಿಂದ ಬಡಿದು, ಬರುವಷ್ಟು ಇಂಗ್ಲಿಷಿನಲ್ಲಿ, ಮರ, ಎಲ್ಲ ಮರ, ನೂರು ವರ್ಷದ ಮರ ಎಂದರು. ಇನ್ನೊಮ್ಮೆ ಹೀಗಾದರೆ ಅಗ್ನಿಶಾಮಕದವರು ಬರುತ್ತಾರೆ, ಅದರ ಖರ್ಚು ನಿಮ್ಮದು ಎಂದೂ ಹೇಳಿದರು. ಆಕೆ ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಖರ್ಚು ಎಂಬ ಒಂದೇ ಮಾತು.

ಮಾರನೆಯ ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ಕುರ್ಚಿ ಹತ್ತಿ, ವಿಮಾನ ನಿಲ್ದಾಣದ ಹೋಟೆಲಿನಿಂದ ತಂದಿದ್ದ ಶವರ್ ಕ್ಯಾಪನ್ನು ಅಲಾರಮ್ಮಿಗೆ ತೊಡಿಸಿದೆ. ಎಷ್ಟು ಸಲೀಸಾಗಿ ಕೂತಿತು ಗೊತ್ತಾ! ಅಂಕಲ್ ಸೋಫಾದ ಮೇಲೆ ಹೊದ್ದು ಮಲಗಿ ನೋಡುತ್ತಿದ್ದರು.

"ಅದೇನಮ್ಮಾ ಅದು, ಮನೆಗೂ ಚಳಿ ಆಯ್ತಾ? ಕುಲಾವಿ ಕಟ್ತಿದೀಯ?"

"ಒಗ್ಗರಣೆ ಹೊಗೆಗೆ ಅಂಕಲ್. ಮಾಡಿ ಮುಗಿದ ತಕ್ಷಣ ತೆಗೀತೀನಿ."

ಅವರು ನಕ್ಕರು. ನಾನೂ ನಕ್ಕೆ. ಅಷ್ಟೇ ಅಲ್ಲ — ಎಂಥ ಜಾಣತನ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡು, ಕಾಫಿ ಕುಡಿಯುತ್ತಾ, ಶೀಟಿನ ಟಿಪ್ಸ್ ಪುಟದಲ್ಲಿ ಒಂದು ಸಾಲು ಸೇರಿಸಿದೆ: ಒಗ್ಗರಣೆಗೆ ಮುಂಚೆ ಅಲಾರಮ್ಮಿಗೆ ಶವರ್ ಕ್ಯಾಪ್. ಆ ಶೀಟನ್ನು ಎಷ್ಟೋ ಮನೆಯವರು ತೆರೆದು ನೋಡುತ್ತಿದ್ದರು, ತಮಗೆ ಬೇಕಾದ್ದನ್ನು ನಕಲು ಮಾಡಿಕೊಳ್ಳುತ್ತಿದ್ದರು.

ಕ್ಯಾಪ್ ಹಾಕಿದ ಮೊದಲ ದಿನ ಹೇಳಿದ ಹಾಗೇ ಒಗ್ಗರಣೆ ಆದ ಮೇಲೆ ತೆಗೆದೆ. ಎರಡನೆಯ ದಿನ ತೆಗೆಯಲಿಲ್ಲ. ಮರೆತದ್ದಲ್ಲ, ವಿಮಲಾ. ದಿನಕ್ಕೆ ಮೂರು ಸಲ ಕುರ್ಚಿ ಹತ್ತಿ ಇಳಿಯುವುದು ಯಾರಿಗೆ ಬೇಕು ಎಂದು ಬಿಟ್ಟೆ. ಮರೆತೆ ಎಂದು ಬರೆದರೆ ನನಗೆ ಹಗುರವಾಗುತ್ತದೆ, ಅದಕ್ಕೇ ಬರೆಯುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾವು ಜಾರುಬಂಡಿಗೆ ಹೊರಟೆವು. ಅಂಕಲ್‌ಗೆ ಮಂಡಿ ನೋವು, ಮಲಗುತ್ತೇನೆ ಎಂದರು. ನೀನು ಒಲೆಗೆ ಹತ್ತಿರದ ಸೋಫಾದಲ್ಲಿ ಅವರನ್ನು ಮಲಗಿಸಿ, ಕಿವಿಯ ಮೆಷಿನ್ ತೆಗೆದು ಅದರ ಡಬ್ಬಿಯಲ್ಲಿ ಚಾರ್ಜಿಗೆ ಇಟ್ಟೆ. ಮೆಷಿನ್ ಹಾಕಿಕೊಂಡು ಮಲಗಿದರೆ ಕಿವಿಯ ಹಿಂದೆ ಒತ್ತುತ್ತದೆ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಆಮೇಲೆ ನೀನು ಬಾಗಿಲಲ್ಲಿ ನಿಂತು ಹಿಂದೆ ನೋಡಿದೆ. "ನಾನ್ ಇಲ್ಲೇ ಇರ್ಲಾ?" ಎಂದೆ. ನಾನು, "ಬಂಡಿ ಬಾಡಿಗೆ ಕೊಟ್ಟಾಗಿದೆ ಕಣೇ, ಬಾ. ಎರಡು ಗಂಟೇಲಿ ವಾಪಸ್" ಎಂದು ನಿನ್ನ ಕೈ ಹಿಡಿದು ಎಳೆದೆ. ಒಲೆಯ ಸುತ್ತ ಇದ್ದ ಕಂಬಿಯ ಮೇಲೆ ನಮ್ಮೆಲ್ಲರ ಒದ್ದೆ ಕೈಗವಸುಗಳು ಸಾಲಾಗಿ ಒಣಗುತ್ತಿದ್ದವು. ಅವುಗಳಲ್ಲೊಂದು ಆಮೇಲೆ ಒಲೆಯ ಮೇಲೆ ಬಿದ್ದು ಹೊತ್ತಿಕೊಂಡಿತು, ಪಕ್ಕದ ಕಟ್ಟಿಗೆ ಬುಟ್ಟಿಗೂ ತಾಗಿತು. ಅದು ಯಾರ ತಪ್ಪೂ ಅಲ್ಲ.

ವಾಪಸು ಬರುವಾಗ ನೀವೆಲ್ಲ ಹಳ್ಳಿಯ ಅಂಗಡಿಯಲ್ಲಿ ಮೊಸರು ಕೊಳ್ಳಲು ನಿಂತಿರಿ. ಅನ್ನಕ್ಕಿಡುತ್ತೇನೆ ಎಂದು ನಾನು ಮುಂದೆ ಬಂದೆ. ನಾಲ್ಕು ಗಂಟೆಗೇ ಬೆಳಕು ಸಾಯುತ್ತಿತ್ತು. ಕೆಳಮನೆಯಲ್ಲಿ ಯಾರೂ ಇರಲಿಲ್ಲ, ಒಡತಿಯ ಕಾರೂ ಇರಲಿಲ್ಲ. ಮೆಟ್ಟಿಲ ಮೇಲೇ ಸುಟ್ಟ ಪ್ಲಾಸ್ಟಿಕ್ ವಾಸನೆ. ಬಾಗಿಲು ತೆರೆದೆ. ಕೋಣೆಯೆಲ್ಲ ಬೂದಿಬಣ್ಣ. ಒಲೆಯ ಪಕ್ಕದ ಕಟ್ಟಿಗೆ ಬುಟ್ಟಿಯ ಅಂಚು ಕೆಂಪಗೆ ಕನಲುತ್ತಿತ್ತು. ಸೋಫಾದ ಮೇಲೆ ಅಂಕಲ್ ಅಲ್ಲಾಡದೆ ಮಲಗಿದ್ದರು, ಬಾಯಿ ತೆರೆದಿತ್ತು. ಎಲ್ಲ ಅಷ್ಟು ನಿಶ್ಶಬ್ದ.

ನಾನು ಮೊದಲು ಏನು ಮಾಡಿದೆ ಎಂಬುದನ್ನು ನಮ್ಮವರಿಗೂ ಹೇಳಿಲ್ಲ. ದೇವರ ಮುಂದೆ ನಿಂತಾಗಲೂ ಆ ಜಾಗಕ್ಕೆ ಬಂದರೆ ಮನಸ್ಸು ಬೇರೆ ಕಡೆ ಓಡುತ್ತದೆ.

ನಾನು ಅವರ ಹತ್ತಿರ ಹೋಗಲಿಲ್ಲ. ಕಿಟಕಿ ತೆರೆಯಲಿಲ್ಲ. ಕುರ್ಚಿ ಎಳೆದುಕೊಂಡೆ. ಹತ್ತಿದೆ — ಮೇಲೆ ಹೊಗೆ ಇನ್ನೂ ದಟ್ಟ, ಕಣ್ಣು ಬಿಡಲಾಗಲಿಲ್ಲ, ತಡಕಾಡಿದೆ — ಕ್ಯಾಪ್ ಕಿತ್ತು ಜೇಬಿಗೆ ತುರುಕಿದೆ. ಇಳಿದೆ. ಕುರ್ಚಿಯನ್ನು ಮೇಜಿನ ಕೆಳಗೆ ಅದರ ಜಾಗಕ್ಕೆ ತಳ್ಳಿದೆ. ಹೌದು, ಕುರ್ಚಿಯನ್ನೂ ತಳ್ಳಿದೆ, ವಿಮಲಾ. ಆಮೇಲೆ ನಿನ್ನ ತಂದೆಯ ಹತ್ತಿರ ಹೋದೆ.

ಮನೆಯಲ್ಲಿ ಒಬ್ಬಳೇ ಇದ್ದಾಗ ಗಡಿಯಾರ ಇಟ್ಟುಕೊಂಡು ಅದನ್ನೆಲ್ಲ ಮಾಡಿ ನೋಡಿದ್ದೇನೆ. ಇಪ್ಪತ್ತೆರಡು ಸೆಕೆಂಡು. ಎಷ್ಟು ಸಲ ಮಾಡಿದರೂ ಇಪ್ಪತ್ತಕ್ಕಿಂತ ಕಡಿಮೆಯಾಗಿಲ್ಲ.

ನಾನು ಅವರ ಕಂಕುಳಿಗೆ ಕೈ ಹಾಕಿ ಎಳೆಯುವಷ್ಟರಲ್ಲಿ ಅಲಾರಂ ಶುರುವಾಯಿತು. ಅದರ ಕಿರುಚಾಟ ಕೇಳಿಯೇ ನೀವು ಓಡಿಬಂದದ್ದು. ನಮ್ಮವರು ಬುಟ್ಟಿಯನ್ನು ಹಿಮಕ್ಕೆ ಎಸೆದರು, ಅನಘಾ ಆಂಬುಲೆನ್ಸಿಗೆ ಫೋನ್ ಮಾಡಿದಳು, ನೀನು ಮೆಟ್ಟಿಲ ಮೇಲೆ ನಿನ್ನ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವರು ಕೆಮ್ಮಿದರು. ಬದುಕಿದ್ದಾರೆ ಎಂದು ಗೊತ್ತಾದ ಮೇಲೆ ನೀನು ನನ್ನನ್ನು ನೋಡಿದೆ.

"ಇಷ್ಟು ಜೋರಾಗಿ ಹೊಡ್ಕೊಳ್ತಿದೆಯಲ್ಲೇ ಸುಧಾ, ಅಣ್ಣ ಯಾಕೆ ಏಳ್ಲಿಲ್ಲ?"

ಆಗ ಹೇಳಬಹುದಿತ್ತು. ನನ್ನ ಕೈ ಜೇಬಿನಲ್ಲಿತ್ತು, ಬೆರಳಿಗೆ ಆ ಪ್ಲಾಸ್ಟಿಕ್ ತಾಗುತ್ತಿತ್ತು. ನಾನು ಹೇಳಿದ್ದು ಇದು:

"ಮೆಷಿನ್ ತೆಗೆದಿಟ್ಟು ಹೋಗಿದ್ವಲ್ಲ ಕಣೇ. ಕೇಳ್ಸಿರಲ್ಲ."

ನಿನ್ನ ಮುಖ ಆಗ ಹೇಗಾಯಿತು ಎಂದು ನಾನು ಬರೆಯಲಾರೆ. ನೀನೊಬ್ಬಳೇ ತೆಗೆದಿಟ್ಟಿದ್ದನ್ನು ಇಬ್ಬರೂ ಮಾಡಿದ ಹಾಗೆ ನಾನು ಹೇಳಿದ್ದೆ, ದೊಡ್ಡ ಮನಸ್ಸಿನವಳ ಹಾಗೆ.

ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ನೀನು ಪಕ್ಕ ಬಿಟ್ಟು ಕದಲಲಿಲ್ಲ. ವಿಯೆನ್ನಾದ ರೈಲು ಟಿಕೆಟ್ ವಾಪಸಾಗುವಂಥದ್ದಲ್ಲ, ಹುಡುಗಿ ಯಾಕೆ ಇಲ್ಲಿ ಕೊರಗಬೇಕು ಎಂದು ಅನಘಾಳನ್ನು ನೀನೇ ನಮ್ಮ ಜೊತೆ ಕಳಿಸಿದೆ. ನಾನು ಹೋದೆ. ಅವಳಿಗೆ ಅರಮನೆ ತೋರಿಸಿದೆ, ಬೀದಿಯಲ್ಲಿ ಹುರಿದ ಚೆಸ್ಟ್‌ನಟ್ ಕೊಡಿಸಿದೆ. ಟ್ರಾಮಿಗೆ ಕಾಯುತ್ತಾ ನಿಂತಾಗ ಆ ಕ್ಯಾಪನ್ನು ಚೆಸ್ಟ್‌ನಟ್ ಸಿಪ್ಪೆಯ ಪೊಟ್ಟಣದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆ. ನೀನು ವಿಯೆನ್ನಾ ನೋಡಲೇ ಇಲ್ಲ. ಆ ಸಂಜೆ ನಾನು ಶೀಟಿನಿಂದ ಆ ಸಾಲನ್ನೂ ಅಳಿಸಿದೆ. ಎಲ್ಲ ಅಳಿಸಿತು ಎಂದುಕೊಂಡೆ.

ಟ್ಯಾಂಪಿನೀಸಿಗೆ ಮರಳಿದ ಮೇಲೆ ನೀನು ಅವರಿಗೆ ಮೆಷಿನ್ ತೆಗೆಯಲು ಬಿಡಲಿಲ್ಲ. ಇನ್ನೊಂದು ಜೊತೆ ಕೊಂಡು, ಒಂದು ಚಾರ್ಜಿನಲ್ಲಿದ್ದರೆ ಇನ್ನೊಂದು ಕಿವಿಯಲ್ಲಿ. ಮಲಗುವಾಗಲೂ. ಅವರ ಕಿವಿಯ ಹಿಂದೆ ಹುಣ್ಣಾಯಿತು. ನೀನು ಮುಲಾಮು ಹಚ್ಚಿ, ಹತ್ತಿ ಇಟ್ಟು, ಮತ್ತೆ ತೊಡಿಸುತ್ತಿದ್ದೆ. ಒಂದು ದಿನ ನಾನು ಬಂದಾಗ ಅವರು ಮಗುವಿನ ಹಾಗೆ ಬೇಡುತ್ತಿದ್ದರು: "ಒಂದು ಗಂಟೆ ತೆಗೀ ಮಗಾ, ಉರಿಯತ್ತೆ." ನೀನು ಅಳುತ್ತಾ, "ಬೇಡ ಅಣ್ಣ, ಬೇಡ" ಎನ್ನುತ್ತಿದ್ದೆ. ನಾನು ನಿಮ್ಮ ಅಡುಗೆಮನೆಗೆ ಹೋಗಿ ಕಾಫಿ ಸೋಸಿದೆ. ಒಂದು ಮಾತು ಹೇಳಿದ್ದರೆ ಆ ಹುಣ್ಣು ಮಾಯುತ್ತಿತ್ತು.

ಆ ದಿನವೇ ನೀನು ಔಷಧಿ ತರಲು ಕೆಳಗೆ ಹೋದೆ. ಅಂಕಲ್ ನನ್ನನ್ನೇ ನೋಡುತ್ತಿದ್ದರು. ಬಹಳ ಮೆಲ್ಲಗೆ ಕೇಳಿದರು:

"ಕುಲಾವಿ ತೆಗೆದ್ಯಾ?"

ಅವರು ಅದನ್ನು ಹೊಗೆಯೊಳಗೆ ಅರೆಗಣ್ಣಿನಲ್ಲಿ ನೋಡಿದ್ದರೋ, ಆಮೇಲೆ ಕೂತು ಯೋಚಿಸಿ ಕಂಡುಕೊಂಡರೋ — ಗೊತ್ತಿಲ್ಲ. ನಾನು "ಹೂಂ" ಎಂದೆ. ಅವರು "ಸರಿ" ಎಂದು ಗೋಡೆಯ ಕಡೆ ತಿರುಗಿದರು. ಆ ವಿಷಯ ಮತ್ತೆ ಎತ್ತಲಿಲ್ಲ. ನಿನಗೂ ಹೇಳಲಿಲ್ಲ. ನಿನ್ನ ಸ್ನೇಹಿತೆ ನಿನಗೆ ಉಳಿಯಲಿ ಎಂದೋ, ಬೇರೆ ಏನೋ. ನಾನು ಕೇಳಲಿಲ್ಲ.

ಅಲ್ಲಿಂದ ಶುರುವಾದದ್ದು ಭಯ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ನಿನ್ನ ಹೆಸರು ಫೋನಿನಲ್ಲಿ ಬೆಳಗಿದರೆ ಸಾಕು, ಇವತ್ತು ಅಂಕಲ್ ಹೇಳಿಬಿಟ್ಟಿದ್ದಾರೆ ಎಂದೇ ಎಣಿಸುತ್ತಿದ್ದೆ. ಹಬ್ಬಕ್ಕೆ ಕರೆದರೆ ತಲೆನೋವು, ಊಟಕ್ಕೆ ಕರೆದರೆ ಆಫೀಸು. ಕೊನೆಗೆ ನಾವು ದೂರದ ವುಡ್‌ಲ್ಯಾಂಡ್ಸ್‌ಗೆ ಶಿಫ್ಟ್ ಆದೆವಲ್ಲ, ನಮ್ಮವರ ಕೆಲಸಕ್ಕೆ ಹತ್ತಿರ ಎಂದು ಎಲ್ಲರಿಗೂ ಹೇಳಿದೆವು. ನಮ್ಮವರೂ ಅದನ್ನೇ ನಂಬಿದ್ದಾರೆ. ನಾನು ಓಡಿಹೋದದ್ದು ನಿನ್ನ ತಂದೆಯ ಎರಡು ಕಣ್ಣುಗಳಿಂದ.

ಎರಡು ವರ್ಷದ ನಂತರ ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಆ ಹೊಗೆಗೂ ಅದಕ್ಕೂ ಸಂಬಂಧವಿತ್ತೇ ಎಂದು ಡಾಕ್ಟರನ್ನು ಕೇಳಿದವಳು ನೀನು, ವಯಸ್ಸಾಗಿತ್ತು ಎಂದರಂತೆ. ನೀನು ಫೋನಿನಲ್ಲಿ ಅಳುತ್ತಾ ಸುದ್ದಿ ಹೇಳಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ. ಉಸಿರು ಬಂತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಉಸಿರು. ದುಃಖ ಆಮೇಲೆ ಬಂತು. ಇದನ್ನು ನಿನಗೆ ಹೇಳಬೇಕಾಗಿರಲಿಲ್ಲವೇನೋ, ಆದರೆ ಅರ್ಧ ಹೇಳುವುದರಲ್ಲೇ ಇಷ್ಟು ವರ್ಷ ಕಳೆದೆ.

ಹೋದ ಭಾನುವಾರ ಅನಘಾ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಿದ್ದಳು. ಮೊದಲ ಸಲ ಗಂಡ, ಎಂಟು ತಿಂಗಳ ಮಗುವಿನ ಜೊತೆ ಹಿಮ ನೋಡಲು ಹೊರಟಿದ್ದಾಳೆ. ಒಂದು ಹಳ್ಳಿ, ಆಮೇಲೆ ವಿಯೆನ್ನಾ. "ಅಮ್ಮ ನೋಡ್ದೇ ಇದ್ದಿದ್ದನ್ನ ಫೋಟೋ ತೆಗೆದು ತಂದ್ಕೊಡ್ತೀನಿ" ಎಂದಳು. ಫೋನು ತೆರೆದು ನನ್ನ ಶೀಟನ್ನೇ ತೋರಿಸಿದಳು. ಯಾರೋ ಆ ವಾರವೇ ನಕಲು ಮಾಡಿಕೊಂಡದ್ದು, ಕೈಯಿಂದ ಕೈಗೆ ದಾಟಿ ಅವಳಿಗೆ ಬಂದಿದೆ. ತಲೆಬರಹದಲ್ಲಿ ಸುಧಾ ಆಂಟಿ ಶೀಟ್ ಎಂದಿದೆ. ನಾನು ಅಳಿಸಿದ ಸಾಲು ಅಲ್ಲಿ ಹಾಗೇ ಇತ್ತು.

"ಆಂಟಿ, ಈ ಶವರ್ ಕ್ಯಾಪ್ ಟ್ರಿಕ್ ಸೂಪರ್ ಲಾ. ನನ್ ಫ್ರೆಂಡ್ಸ್ ಎಲ್ಲ ಮಾಡಿದಾರೆ. ನಾವು ಹೋದಾಗ್ಲೂ ಹಾಕಿದ್ರಾ?"

ನನ್ನ ನಾಲಿಗೆ ನನ್ನನ್ನು ಕೇಳಲೂ ಇಲ್ಲ. "ಇಲ್ಲ ಕಣೇ. ಅದು ಯಾರೋ ಆಮೇಲೆ ಸೇರ್ಸಿರೋದು" ಎಂದಿತು.

"ನಾನು ಒಂದು ಪ್ಯಾಕ್ ಮಾಡ್ಕೊಂಡೆ. ಒಗ್ಗರಣೆಗೆ ಬೀಪ್ ಆದ್ರೆ ಪಾಪು ಎದ್ಬಿಡತ್ತೆ."

"ಬೇಡ ಕಣೇ, ರೂಲ್ಸ್‌ಗೆ ವಿರುದ್ಧ" ಎಂದೆ. ಅವಳು ನಕ್ಕು, ಸಿಂಗಪುರದವರ ಆ ಲಾ ಎಳೆದು, "ಅಯ್ಯೋ ಆಂಟಿ, ರಿಲ್ಯಾಕ್ಸ್ ಲಾ" ಎಂದಳು. ಮಗು ನನ್ನ ತೊಡೆಯ ಮೇಲಿತ್ತು, ನನ್ನ ಬಳೆ ಚೀಪುತ್ತಿತ್ತು. ಅದರ ತಲೆಯ ಮೇಲೆ ನೀನು ಹೆಣೆದ ಉಣ್ಣೆಯ ಕುಲಾವಿ — ಚಳಿಗೆ ಅಭ್ಯಾಸವಾಗಲಿ ಎಂದು ತೊಡಿಸಿ ನೋಡಿದ್ದಳು.

ಆಮೇಲೆ ಎರಡು ಸಲ ಅವಳಿಗೆ ಮೆಸೇಜ್ ಮಾಡಿದೆ, ಅಲಾರಂ ಮುಚ್ಚಬೇಡ ಎಂದು. ನಗುವ ಮುಖ ಕಳಿಸಿದಳು. ಯಾಕೆ ಎಂದು ಹೇಳದೆ ಬೇಡ ಎಂದರೆ ಯಾರು ಕೇಳುತ್ತಾರೆ? ಯಾಕೆ ಎಂದು ಹೇಳಬೇಕಾದರೆ ಮೊದಲು ನಿನಗೆ ಹೇಳಬೇಕು. ನಾನು ಯಾವ ಯಾವ ಮನೆಗೆ ಆ ಶೀಟ್ ಹೋಗಿದೆ ಎಂದು ನೆನಪಿಸಿಕೊಂಡು ಪಟ್ಟಿ ಮಾಡಲು ಕೂತೆ. ಹದಿನೇಳು ಹೆಸರು ಬರೆದೆ. ಅವರು ಯಾರಿಗೆ ಕೊಟ್ಟಿದ್ದಾರೋ, ಯಾವ ಮರದ ಮನೆಯಲ್ಲಿ ಯಾರು ಮಲಗಿದ್ದಾರೋ. ಹದಿನೇಳು ಮಂದಿಗೂ ಬರೆಯುತ್ತೇನೆ, ನನ್ನ ಹೆಸರು ಹಾಕಿಯೇ, ನಡೆದದ್ದನ್ನು ಹೇಳಿಯೇ. ನೀನು ಓದಿದ ಮೇಲೆ.

ಈಗ ನಿನ್ನ ಬ್ಲಾಕಿನ ಕೆಳಗೆ, ಅಂಕಲ್ ಕೂರುತ್ತಿದ್ದ ಬೆಂಚಿನಲ್ಲಿ ಕೂತು ಇದನ್ನು ಮುಗಿಸುತ್ತಿದ್ದೇನೆ. ಮೇಲೆ ಬಂದು ನಿನ್ನ ಕೈಗೇ ಕೊಡುತ್ತೇನೆ. ಓದಿ ಮುಗಿಸುವವರೆಗೂ ಬಾಗಿಲಲ್ಲೇ ನಿಂತಿರುತ್ತೇನೆ. ಈ ಸಲ ತಲೆನೋವಿಲ್ಲ, ಆಫೀಸಿಲ್ಲ. ಬರುತ್ತೇನೆ. ಮೊದಲು ಅನಘಾಗೆ ಫೋನ್ ಮಾಡು. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು, ಏನೂ ಅನ್ನದೆ ಬಾಗಿಲು ಹಾಕಿಕೊಂಡರೂ ಸರಿ.

ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ನಿನಗೆ ಸೇರಬೇಕಾದ್ದೊಂದು ಒಂಬತ್ತು ವರ್ಷದಿಂದ ನನ್ನ ಹತ್ತಿರ ಉಳಿದಿದೆ, ಅದನ್ನು ಕೊಡಲು ಬರುತ್ತಿದ್ದೇನೆ. ಆ ಮಧ್ಯಾಹ್ನ ನಿನ್ನ ತಂದೆಗೆ ಕೇಳಿಸಿಕೊಳ್ಳಲು ಆ ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ, ವಿಮಲಾ. ಕಿವಿಯಲ್ಲಿ ಮೆಷಿನ್ ಇದ್ದಿದ್ದರೂ ಕೇಳಿಸುತ್ತಿರಲಿಲ್ಲ. ನೀನು ಮಾಡಿದ್ದು ಇಷ್ಟೇ — ಅಣ್ಣ ನೋವಿಲ್ಲದೆ ಸ್ವಲ್ಪ ಹೊತ್ತು ಮಲಗಲಿ ಎಂದು ಅದನ್ನು ತೆಗೆದಿಟ್ಟೆ.